ಪೆನ್‌ಡ್ರೈವ್ ಹಚ್ಚುವ ಮೊದಲು ಕಾಜಲ ಕೇಳುವ ಪ್ರಶ್ನೆ

ಬೆಳಗಿನ ಐದೂವರೆ. ಗಡಿಯಾಚೆ, ಇಚಲಕರಂಜಿ ಪಕ್ಕದ ಯಡ್ರಾವದ ಹಿಂದಿನ ಓಣಿಯಲ್ಲಿ ಒಂಬತ್ತು ಮಗ್ಗದ ಕಾರಖಾನೆಗಳಿವೆ. ಎಂಟರಲ್ಲಿ ಮಗ್ಗಗಳು ಬಡಿಯುತ್ತಲೇ ಇವೆ. ಒಂದರಲ್ಲಿ ಮಾತ್ರ ಈಗಷ್ಟೇ ಸದ್ದಡಗಿದೆ. ಅದರ ಮೂಲೆಯ ಗಾಜಿನ ಖೋಲಿಯಲ್ಲಿ ಕಾಜಲ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎದುರಿಗೆ ಪಕ್ಕದ ತಗಡು ಬಿಚ್ಚಿದ ಕಂಪ್ಯೂಟರ್. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಬಣ್ಣ ಬಳಿಯುವ ಬ್ರಶ್ಶಿನಿಂದ ಮದರ್‌ಬೋರ್ಡಿನ ಮೇಲಿನ ಹತ್ತಿಯ ಧೂಳು ಸರಿಸಿ, ಅದರ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ಮಾದರಿ ಸಂಖ್ಯೆಯನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದಾರೆ. ಇದು ಮೂರನೆಯ ಸಲ. ಮೊದಲೆರಡು ಸಲ ಬರೆದದ್ದೂ ಅದೇ ಸಂಖ್ಯೆ.

ಚೀಲದಿಂದ ಪೆನ್‌ಡ್ರೈವ್ ತೆಗೆಯುತ್ತಾರೆ. ಆದರೆ ಹಚ್ಚುವುದಿಲ್ಲ. ಬಾಗಿಲಲ್ಲಿ ಚಹದ ಲೋಟ ಹಿಡಿದು ನಿಂತಿರುವ ಕಾರಖಾನೆಯ ಮಾಲಕ ನಿಲೇಶ ಅವರತ್ತ ತಿರುಗಿ ಕೇಳುತ್ತಾರೆ.

"ಈ ಓಣ್ಯಾಗ ಯಾರರೆ ಹಾಸಿಗಿ ಹಿಡದಾರೇನ್ರಿ? ಇವತ್ತೋ ನಾಳೆಯೋ ಅನ್ನೂ ಹಂಗ?"

ನಿಲೇಶ ಅವರ ಮುಖ ಹುಳ್ಳಗಾಗುತ್ತದೆ. ಕಂಪ್ಯೂಟರ್ ರಿಪೇರಿಗೆ ಬಂದವರು ಬೆಳಬೆಳಗ್ಗೆ ಕೇಳುವ ಮಾತೇ ಇದು? ಹೊರಗೆ ಕಟ್ಟೆಯ ಮೇಲೆ ಬೀಡಿ ಹಚ್ಚಿಕೊಂಡು ಕೂತ ಕೆಲಸಗಾರರಿಗೆ ಮಾತ್ರ ಆಶ್ಚರ್ಯವಿಲ್ಲ. ಕಾಜಲ ಈ ಪ್ರಶ್ನೆಯನ್ನು ಎಲ್ಲೆಡೆ ಕೇಳುತ್ತಾರೆಂಬುದು ಅವರಿಗೆ ಗೊತ್ತು. ಅವರಲ್ಲೊಬ್ಬರು ಒಳಗೆ ತಲೆ ಹಾಕಿ, ಮೂರನೆಯ ಮನೆಯ ಜನಾಬಾಯಿ ನಾಲ್ಕು ದಿನದಿಂದ ಗಂಜಿಯನ್ನೂ ಮುಟ್ಟಿಲ್ಲ ಎಂದು ತಿಳಿಸುತ್ತಾರೆ. ಕಾಜಲ ಪೆನ್‌ಡ್ರೈವನ್ನು ಚೀಲಕ್ಕೆ ಹಾಕಿ ಝಿಪ್ ಎಳೆಯುತ್ತಾರೆ.

"ಇವತ್ತ ಬ್ಯಾಡ ಬಿಡ್ರಿ ಹಂಗಾರ," ಎನ್ನುತ್ತಾರೆ.

ಇಚಲಕರಂಜಿ, ಯಡ್ರಾವ, ಇತ್ತ ದತ್ತವಾಡದವರೆಗೆ ಇಪ್ಪತ್ಮೂರು ಕಾರಖಾನೆಗಳ ಕಂಪ್ಯೂಟರ್‌ಗಳು ಈ ಮೂವತ್ನಾಲ್ಕರ ಹೆಣ್ಣುಮಗಳ ಕೈಯಲ್ಲಿವೆ. ನಕ್ಷೆ ನೇಯುವ ಮಗ್ಗಗಳಿಗೆ ಹೂವು, ಬಳ್ಳಿ, ಅಂಚುಗಳ ವಿನ್ಯಾಸ ಕಳಿಸುವುದು ಈ ಕಂಪ್ಯೂಟರ್‌ಗಳೇ. ಒಂದು ನಿಂತರೆ ಹತ್ತು ಹನ್ನೆರಡು ಮಗ್ಗ ನಿಲ್ಲುತ್ತವೆ. ಮಗ್ಗ ನಿಂತರೆ, ನೇಯ್ದ ಮೀಟರಿನ ಲೆಕ್ಕದ ಮೇಲೆ ಬದುಕುವ ಮನೆಗಳಲ್ಲಿ ಒಲೆಯ ಮುಂದೆ ಮಾತು ಕಡಿಮೆಯಾಗುತ್ತದೆ. ಕಾಜಲ ದಿನಕ್ಕೆ ನಲವತ್ತು ಕಿಲೋಮೀಟರು ಸ್ಕೂಟರ್ ಓಡಿಸುತ್ತಾರೆ, ಐದಾರು ಕಂಪ್ಯೂಟರ್ ಬಿಚ್ಚುತ್ತಾರೆ, ಪ್ರತಿಯೊಂದರಿಂದಲೂ ಮುಷ್ಟಿಗಟ್ಟಲೆ ಹತ್ತಿ ತೆಗೆಯುತ್ತಾರೆ. ಸ್ಕೂಟರಿನ ಕಾಲ ಬಳಿ ಸದಾ ಒಂದು ಯುಪಿಎಸ್ ಇರುತ್ತದೆ. ಕರೆಂಟು ಹೋದರೂ ಕಂಪ್ಯೂಟರನ್ನು ಹದಿನೈದು ನಿಮಿಷ ನಡೆಸುವ ಆ ಬ್ಯಾಟರಿ ಪೆಟ್ಟಿಗೆ ಹನ್ನೆರಡು ಕಿಲೋ ತೂಗುತ್ತದೆ. ಅದನ್ನು ಅವರು ಇನ್ನೊಬ್ಬರ ಕೈಗೆ ಕೊಡುವುದಿಲ್ಲ.

ಅವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಸೀರೆ ಚೆನ್ನಾಗಿದ್ದರೆ ನಕ್ಷೆ ಬಿಡಿಸಿದವರನ್ನು ಹೊಗಳುತ್ತಾರೆ, ಬಟ್ಟೆ ಮಾರಿದ ಮಾಲಕರ ಫೋಟೊ ವ್ಯಾಪಾರಿ ಸಂಘದ ಕ್ಯಾಲೆಂಡರಿನಲ್ಲಿ ಬರುತ್ತದೆ. ಕಾಜಲ ಅವರ ಹೆಸರು ಜನರ ನೆನಪಿಗೆ ಬರುವುದು ಯಂತ್ರ ಕೆಟ್ಟಾಗ ಮಾತ್ರ. ಅದರಲ್ಲೂ ಬಯಾಸ್ ಅಪ್‌ಡೇಟ್ ವಿಷಯಕ್ಕೆ ಬಂದರೆ ಅವರ ಅರ್ಧಕ್ಕಿಂತ ಹೆಚ್ಚಿನ ಕೆಲಸ ಬೇಡ ಎನ್ನುವುದೇ ಆಗಿರುತ್ತದೆ. ಬೇಡ ಎಂದದ್ದಕ್ಕೆ ಯಾರೂ ಕೂಲಿ ಕೊಡುವುದಿಲ್ಲ.

ಗುಂಡಿ ಒತ್ತಿದಾಗ ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಮೊದಲು ಎಚ್ಚರಾಗುವುದು ಬಯಾಸ್. ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಕೂತಿರುವ ಪುಟ್ಟ ಬರಹವದು. ಮೆಮೊರಿ ಎನ್ನುವ ನೆನಪು ಎಲ್ಲಿದೆ, ಡಿಸ್ಕು ಎಲ್ಲಿದೆ, ಕೀಲಿಮಣೆ ಇದೆಯೋ ಇಲ್ಲವೋ ಎಂದು ನೋಡಿಕೊಂಡು ಉಳಿದವರನ್ನು ಎಬ್ಬಿಸುವ ಕೆಲಸ ಅದರದು. ಬೋರ್ಡು ಮಾಡಿದ ಕಂಪನಿ ಆಗೀಗ ಈ ಬರಹವನ್ನು ತಿದ್ದಿ ಹೊಸದನ್ನು ಬಿಡುತ್ತದೆ. ಹೊಸದನ್ನು ಹಾಕಬೇಕೆಂದರೆ ಹಳೆಯದನ್ನು ಅಳಿಸಬೇಕು. ಅಳಿಸಿ ಬರೆಯಲು ನಾಲ್ಕು ನಿಮಿಷ ಬೇಕು. ಆ ನಾಲ್ಕು ನಿಮಿಷದಲ್ಲಿ ಕರೆಂಟು ಹೋದರೆ ಯಂತ್ರಕ್ಕೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಆಮೇಲೆ ಎಷ್ಟು ಗುಂಡಿ ಒತ್ತಿದರೂ ಅದು ಏಳುವುದಿಲ್ಲ.

"ಫೋನಿನ್ಯಾಗ ಅಪ್‌ಡೇಟ್ ಬಂದಂಗ ಇದೂ ಅಂತ ತಿಳ್ಕೊಂಡಾರ ಮಂದಿ," ಎನ್ನುತ್ತಾರೆ ಕಾಜಲ. "ಹೊಸಾದು ಬಂದೈತಿ, ಹಾಕಿ ಬಿಡ್ರಿ ಮೇಡಂ ಅಂತಾರ. ಚಂದಾಗಿ ನಡದದ್ದನ್ನ ಯಾಕ ಕೆಡವಬೇಕ್ರಿ? ಕಂಪನಿಯವರು ಏನ ಬರದಾರ ಮೊದಲ ಓದ್ರಿ. ನಿಮ್ಮ ಬ್ಯಾನಿ ಹೆಸರು ಅದರಾಗ ಐತಿ ಅಂದ್ರ ಹಾಕೂದು. ಇಲ್ಲಂದ್ರ ಕೈ ಹಚ್ಚಬಾರದು."

ಹತ್ತು ಜನ ಕೇಳಿದರೆ ಎಂಟು ಜನರನ್ನು ಹೀಗೆಯೇ ವಾಪಸು ಕಳಿಸುತ್ತಾರೆ. ನಿಲೇಶ ಅವರದು ಉಳಿದ ಎರಡರಲ್ಲಿ ಒಂದು. ಎರಡು ತಿಂಗಳ ಹಿಂದೆ ಹೊಸ ನಕ್ಷೆಗಳಿಗಾಗಿ ಕಂಪ್ಯೂಟರಿನ ನೆನಪು ಹೆಚ್ಚಿಸಿದ ಮೇಲೆ ಅದು ದಿನಕ್ಕೆ ಮೂರು ಸಲ ಕಲ್ಲಾಗಿ ನಿಲ್ಲುತ್ತಿದೆ. ಕಾಜಲ ಎಲ್ಲವನ್ನೂ ಮಾಡಿ ನೋಡಿದ್ದಾರೆ. ನೆನಪಿನ ಪಟ್ಟಿ ಬಿಚ್ಚಿ ಒರೆಸಿ ಹಾಕಿದರು, ವಿದ್ಯುತ್ ಪೆಟ್ಟಿಗೆ ಬದಲಿಸಿದರು, ಬೋರ್ಡಿನ ಮೇಲಿನ ಗುಂಡು ಸೆಲ್ ಹೊಸದು ತಂದರು. ಏನೂ ಆಗಲಿಲ್ಲ. ಕೊನೆಗೆ ಕಂಪನಿ ಹೊಸ ಬಯಾಸಿನ ಜೊತೆ ಕೊಟ್ಟ ಟಿಪ್ಪಣಿಯಲ್ಲಿ ಇದೇ ಬಗೆಯ ನೆನಪಿನ ಪಟ್ಟಿಗೆ ಇದೇ ಕಾಯಿಲೆಯ ಹೆಸರು ಸಿಕ್ಕಿತು. ಅಪ್‌ಡೇಟ್ ಮಾಡಿದರೆ ನಿಲ್ಲುವ ಚಾಳಿ ಹೋಗುತ್ತದೆ. ತಪ್ಪಿದರೆ ಬೋರ್ಡೇ ಹೋಗುತ್ತದೆ. ಮಗ್ಗಗಳಿಗೆ ತಂತಿ ಜೋಡಿಸುವ ಹಳೆಯ ಕಾರ್ಡು ಕೂರುವುದು ಈ ಬೋರ್ಡಿನಲ್ಲಿ ಮಾತ್ರ, ಮತ್ತು ಈ ಬೋರ್ಡು ಈಗ ಅಂಗಡಿಯಲ್ಲಿ ಸಿಗುವುದಿಲ್ಲ.

ಇಷ್ಟೆಲ್ಲ ತೂಗಿ ನೋಡಿ, ಮಾಡಬಹುದು ಎಂದು ನಿರ್ಧರಿಸಿಯೇ ಕಾಜಲ ಇಂದು ಬಂದಿದ್ದರು. ಯುಪಿಎಸ್ ತಂದಿದ್ದಾರೆ, ಬ್ಯಾಟರಿ ತುಂಬಿದೆ. ಆದರೂ ಒಬ್ಬ ಮುದುಕಿ ಗಂಜಿ ಬಿಟ್ಟಿದ್ದಾರೆಂದು ಕೇಳಿ ಚೀಲ ಮುಚ್ಚಿದರು. ನಿಲೇಶ ಅವರಿಗೆ ರೇಗಿತು. ಹನ್ನೆರಡು ಮಗ್ಗ ನಿಲ್ಲಿಸಿ ಎಲ್ಲರನ್ನೂ ಹೊರಗೆ ಕೂರಿಸಿದ್ದೇನೆ, ಸೂರತ್ತಿನವರ ಮಾಲು ಎರಡು ವಾರದೊಳಗೆ ಹೋಗಬೇಕು, ಜ್ಯೋತಿಷ್ಯ ಹೇಳುವವರು ಬೇಕಿದ್ದರೆ ಬೇರೆಯವರಿದ್ದರು ಎಂದರು. ನಿಮಗೆ ಆಗದಿದ್ದರೆ ಕೊಲ್ಹಾಪುರದಿಂದ ಹುಡುಗರನ್ನು ಕರೆಸುತ್ತೇನೆ ಎಂದೂ ಹೇಳಿದರು. ಕಾಜಲ ಅವರಿಗಿದು ಹೊಸ ಬೆದರಿಕೆಯಲ್ಲ. ಆದರೆ ನಿಲೇಶ ಅವರ ಕಾರಖಾನೆ ಕೈತಪ್ಪಿದರೆ ಅದೇ ಓಣಿಯ ಇನ್ನೂ ನಾಲ್ಕು ತಪ್ಪುತ್ತವೆ. ಮನೆಯಲ್ಲಿ ದುಡಿಯುವ ಕೈ ಈಗ ಅವರದೊಂದೇ.

ಮೂರು ವರ್ಷದ ಹಿಂದೆ ಇನ್ನೆರಡು ಕೈಗಳಿದ್ದವು. ಅವರ ಅಪ್ಪ ಗುರಣ್ಣ ಹಾರೂಗೇರಿ ಕಡೆಯ ಹಳ್ಳಿಯಿಂದ ಇಪ್ಪತ್ತೆರಡನೆಯ ವಯಸ್ಸಿಗೆ ಇಚಲಕರಂಜಿಗೆ ಬಂದವರು. ಒಂದೇ ಕಾರಖಾನೆಯಲ್ಲಿ ಮೂವತ್ತೊಂದು ವರ್ಷ ಮಗ್ಗ ನಡೆಸಿದರು. ತಾಯಿ ಚೆನ್ನವ್ವ ಅದೇ ಕಾರಖಾನೆಗೆ ಮನೆಯಲ್ಲೇ ಲಾಳಿಗೆ ಹಾಕುವ ನೂಲಿನ ಕಾಂಡಿ ಸುತ್ತಿ ಕೊಡುತ್ತಿದ್ದರು. ಮಗ್ಗದವರಿಗೆಲ್ಲ ಆಗುವಂತೆ ಗುರಣ್ಣ ಅವರಿಗೂ ನಲವತ್ತರ ಹೊತ್ತಿಗೆ ಕಿವಿ ಮಂದವಾಯಿತು. ಆ ಸದ್ದಿನಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ, ಎಲ್ಲ ಕೈಸನ್ನೆ. ನೂಲು ಹರಿದಿದೆ, ಚಹ ಬಂತು, ಮಾಲಕ ಬಂದ, ಎಲ್ಲದಕ್ಕೂ ಒಂದೊಂದು ಸನ್ನೆ. ಕಾಜಲ ಮಾತು ಕಲಿಯುವ ಮೊದಲೇ ಈ ಸನ್ನೆಗಳನ್ನು ಕಲಿತಿದ್ದರು.

ಹನ್ನೆರಡನೆಯ ಇಯತ್ತೆ ಮುಗಿಸಿ ಕಾಜಲ ಕೊಲ್ಹಾಪುರದ ಒಂದು ಕಂಪ್ಯೂಟರ್ ಅಂಗಡಿಗೆ ಸೇರಿದರು. ರಶೀದಿ ಬರೆಯಲು ಎಂದು ಇಟ್ಟುಕೊಂಡಿದ್ದರು. ಎರಡು ವರ್ಷದಲ್ಲಿ ಹಿಂದಿನ ಖೋಲಿಯಲ್ಲಿ ಕೂತು ಬೋರ್ಡು ಬೆಸೆಯತೊಡಗಿದರು. ಗಿರಾಕಿಗಳು ಮಾತ್ರ ಕೌಂಟರಿಗೆ ಬಂದು, ರಿಪೇರಿಯವರು ಎಲ್ಲಿ ಎಂದು ಅವರನ್ನೇ ಕೇಳುತ್ತಿದ್ದರು. ದಿನಾ ಬಸ್ಸಿನಲ್ಲಿ ಹೋಗಿ ಬಂದು ಏಳು ವರ್ಷ ಕಳೆದ ಮೇಲೆ ಊರಲ್ಲೇ ಸ್ವಂತಕ್ಕೆ ಕೆಲಸ ಹಿಡಿದರು. ಮೊದಲು ಸಿಕ್ಕ ಕಾರಖಾನೆ ಅಪ್ಪ ದುಡಿಯುತ್ತಿದ್ದುದೇ. ಗುರಣ್ಣ ಅವರ ಮಗಳು ಎಂದು ಮಾಲಕರು ಕರೆದಿದ್ದರು.

ಈ ಊರಿನ ಹಳೆಯ ಓಣಿಗಳಲ್ಲಿ ಒಂದು ಪದ್ಧತಿಯಿತ್ತು. ಓಣಿಯಲ್ಲಿ ಯಾರದಾದರೂ ಚಟ್ಟ ಬಂದರೆ ಅದು ದಾಟುವವರೆಗೆ ಮಗ್ಗ ನಿಲ್ಲಿಸಬೇಕು. ಇದಕ್ಕೆ ಮಾಲಕರನ್ನು ಕೇಳುವುದಿಲ್ಲ. ಹೆಣದ ಮುಂದೆ ಬಾರಿಸುವ ಹಲಗೆಯ ಸದ್ದು ಕೇಳಿದ ಕೂಡಲೇ, ಇಲ್ಲವೇ ಬಾಗಿಲ ಬಳಿ ಇದ್ದವರು ಕೈ ಎತ್ತಿದ ಕೂಡಲೇ, ಮೇನ್ ಸ್ವಿಚ್ಚಿಗೆ ಹತ್ತಿರ ಇದ್ದವರು ಅದನ್ನು ಎಳೆಯುತ್ತಾರೆ. ಇಡೀ ಓಣಿ ಒಮ್ಮೆಲೇ ಸ್ತಬ್ಧವಾಗುತ್ತದೆ. ನಾಲ್ಕೈದು ನಿಮಿಷ. ಹೆಗಲು ಕೊಟ್ಟವರ ಕಾಲಸಪ್ಪಳ, ಹೆಂಗಸರ ಅಳು ಕೇಳಿಸುತ್ತದೆ. ಜೀವಮಾನವಿಡೀ ಸದ್ದಿನಲ್ಲಿ ದುಡಿದವರಿಗೆ ಊರು ಕೊಡುತ್ತಿದ್ದ ಮರ್ಯಾದೆ ಅದೊಂದೇ ಆಗಿತ್ತು.

ಮೂರು ವರ್ಷದ ಹಿಂದೆ ಶ್ರಾವಣದಲ್ಲಿ ಅಪ್ಪ ದುಡಿಯುತ್ತಿದ್ದ ಕಾರಖಾನೆಯ ಕಂಪ್ಯೂಟರಿನ ಬಯಾಸ್ ಬದಲಿಸಬೇಕಾಗಿ ಬಂತು. ಕಾಜಲ, ಕಾರಖಾನೆಯ ಯುಪಿಎಸ್ಸಿನ ಬ್ಯಾಟರಿ ಸತ್ತಿದೆ, ಮೊದಲು ಅದನ್ನು ಹಾಕಿಸಿ ಎಂದರು. ಇವತ್ತು ಕರೆಂಟು ಹೋಗುವ ವಾರವಲ್ಲ, ನಾಲ್ಕು ನಿಮಿಷಕ್ಕೆ ಬ್ಯಾಟರಿ ಯಾಕೆ ಎಂದರು ಮಾಲಕರು. ಕಾಜಲ ಒಪ್ಪಿದರು. "ಅದೊಂದ ನಂದ ತಪ್ಪರಿ. ಹೂಂ ಅನ್ನಬಾರದಿತ್ತು, ಅಂದೆ," ಎಂದು ಈಗಲೂ ಹೇಳಿಕೊಳ್ಳುತ್ತಾರೆ. ಕೆಲಸಗಾರರನ್ನೆಲ್ಲ ಕರೆದು, ಈಗ ಯಾರೂ ಸ್ವಿಚ್ಚು ಮುಟ್ಟಬೇಡಿ ಎಂದು ಬಾಯಿಂದಲೂ ಸನ್ನೆಯಿಂದಲೂ ತಿಳಿಸಿದರು. ಅಪ್ಪನಿಗೂ ಹೇಳಿದರು. ಅಪ್ಪ ತಲೆಯಾಡಿಸಿದರು. ಪರದೆಯ ಮೇಲೆ ಎಷ್ಟು ಬರೆದಾಯಿತೆಂದು ತೋರಿಸುವ ಪಟ್ಟಿ ಅರ್ಧ ದಾಟಿತ್ತು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಹಲಗೆ ಕೇಳಿತು.

ಅಂದು ಹೋದವರು ಲಗಮಣ್ಣ. ಗುರಣ್ಣ ಅವರ ಪಕ್ಕದ ಮಗ್ಗದಲ್ಲಿ ಹತ್ತೊಂಬತ್ತು ವರ್ಷ ನಿಂತವರು, ಒಂದೇ ಡಬ್ಬಿಯಿಂದ ತಂಬಾಕು ತಿಕ್ಕಿದವರು. ವಾರದಿಂದ ಆಸ್ಪತ್ರೆಯಲ್ಲಿದ್ದರು. ನಸುಕಿನಲ್ಲಿ ತೀರಿಕೊಂಡ ಸುದ್ದಿ ಕಾರಖಾನೆಗೆ ಇನ್ನೂ ಬಂದಿರಲಿಲ್ಲ. ಬಾಗಿಲಲ್ಲಿದ್ದವರು ಕೈ ಎತ್ತಿದರು. ಗುರಣ್ಣ ತಿರುಗಿ ನೋಡಿ, ಚಟ್ಟದ ಮುಂದೆ ಬೆಂಕಿಯ ಮಡಕೆ ಹಿಡಿದ ಲಗಮಣ್ಣನ ಮಗನನ್ನು ಕಂಡರು. ಎರಡು ಹೆಜ್ಜೆ ಹಿಂದೆ ಸರಿದು ಮೇನ್ ಸ್ವಿಚ್ ಎಳೆದರು. ಕಂಪ್ಯೂಟರಿನ ಹಂಗಿಲ್ಲದೆ ನಡೆದಿದ್ದ ಸಾದಾ ಮಗ್ಗಗಳೂ ನಿಂತವು. ಗಾಜಿನ ಖೋಲಿಯಲ್ಲಿ ಪರದೆ ಕಪ್ಪಾಯಿತು.

ಗುರಣ್ಣ ಈಗ ಮನೆಯ ಹೊಸ್ತಿಲ ಪಕ್ಕ ಕೂತಿರುತ್ತಾರೆ. ಕಿವಿಯ ಹತ್ತಿರ ಬಾಗಿ ಜೋರಾಗಿ ಕೇಳಬೇಕು. ಮಗಳು ಮುಟ್ಟಬೇಡ ಎಂದಿದ್ದಳಲ್ಲ ಎಂದು ಕೇಳಿದರೆ ಬಹಳ ಹೊತ್ತು ತಮ್ಮ ಬಲಗೈಯನ್ನೇ ನೋಡುತ್ತಾರೆ.

"ಸ್ವಿಚ್ಚ ಮುಟ್ಟಬ್ಯಾಡಾ ಅಂದಿದ್ದಳು ಖರೆ. ಅದನ್ನ ನಾ ಮರ್ತಿಲ್ಲರಿ," ಎನ್ನುತ್ತಾರೆ. "ಆದ್ರ ಹೆಣ ಬಂದಾಗ ಎಳಿಯೂದು ಸ್ವಿಚ್ಚ ಮುಟ್ಟೂದಲ್ಲ. ಅದು ಕೈ ಮುಗಿಯೂದು."

ಬೋರ್ಡು ಏಳಲಿಲ್ಲ. ಯಾರು ಸ್ವಿಚ್ ಎಳೆದದ್ದು ಎಂದು ಮಾಲಕರು ಕೇಳಿದರು. ಎಲ್ಲರೂ ನೆಲ ನೋಡಿದರು. ಸತ್ಯ ಹೇಳಿದರೆ ಅಪ್ಪನ ಕೆಲಸ ಹೋಗುತ್ತದೆಂದು ಕಾಜಲ ಅವರಿಗೆ ಗೊತ್ತಿತ್ತು. ಸ್ವಿಚ್ಚಿನಿಂದ ಏನೂ ಆಗಿಲ್ಲ, ನಾನೇ ತಪ್ಪು ಫೈಲು ಹಾಕಿದೆ, ಬೋರ್ಡು ಅದಕ್ಕೂ ಮೊದಲೇ ಸತ್ತಿತ್ತು ಎಂದುಬಿಟ್ಟರು. ವರ್ಷಗಟ್ಟಲೆ ಬೋರ್ಡು ಬೆಸೆದು, ಸಂಖ್ಯೆಯನ್ನು ಮೂರು ಸಲ ಬರೆದುಕೊಳ್ಳುವ ಹೆಣ್ಣುಮಗಳು ತನ್ನ ಬಾಯಿಂದಲೇ ತನ್ನ ಹೆಸರು ಕೆಡಿಸಿಕೊಂಡರು.

ಆ ಬೋರ್ಡನ್ನು ಕೊಲ್ಹಾಪುರಕ್ಕೆ ಒಯ್ದರು. ಬಯಾಸ್ ಇರುವ ಚಿಪ್ ಕಿತ್ತು ಹೊಸದಾಗಿ ಬರೆಯಲು ಹೋದಾಗ ಬೋರ್ಡಿನ ತಾಮ್ರದ ಗೆರೆಯೇ ಎದ್ದುಬಂತು. ಅಂಥದೇ ಬೋರ್ಡು ಹುಡುಕುತ್ತ ಅಲೆದರು. ಒಂಬತ್ತನೆಯ ದಿನ ಗಡಹಿಂಗ್ಲಜದಲ್ಲಿ, ಮುಚ್ಚಿಹೋದ ಒಂದು ಕಂಪ್ಯೂಟರ್ ಕ್ಲಾಸಿನ ಅಟ್ಟದಲ್ಲಿ, ಪಾರಿವಾಳದ ಹಿಕ್ಕೆಯ ಕೆಳಗೆ ಸಿಕ್ಕಿತು. ಅದನ್ನು ತೊಳೆದು, ಒಣಗಿಸಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಎರಡು ತಾಸು ಕೂತು ತಂದರು. ಹತ್ತನೆಯ ದಿನ ಮಗ್ಗ ನಡೆದವು. ಯಾರೂ ಚೆನ್ನಾಯಿತು ಎನ್ನಲಿಲ್ಲ. ಒಂಬತ್ತು ದಿನ ಕೂಲಿ ಇಲ್ಲದೆ ಕೂತವರಿಗೆ ಹಾಗೆನ್ನುವ ಮನಸ್ಸಾದರೂ ಹೇಗೆ ಬಂದೀತು?

ಮುಂದಿನದು ಇನ್ನೂ ಕಹಿ. ಮಗಳು ಬೈಸಿಕೊಳ್ಳುವುದನ್ನು ಗುರಣ್ಣ ಹತ್ತು ದಿನ ನೋಡಿದರು. ಕಿವಿ ಕೇಳದಿದ್ದರೂ ಬಾಯಿಗಳು ಕಾಣುತ್ತಿದ್ದವು. ಹನ್ನೊಂದನೆಯ ದಿನ ಮಾಲಕರ ಮುಂದೆ ನಿಂತು, ಸ್ವಿಚ್ಚು ಎಳೆದದ್ದು ನಾನು, ಹುಡುಗಿಯ ತಪ್ಪಿಲ್ಲ ಎಂದರು. ಅಪ್ಪ ಮಗಳು ಕೂಡಿ ನನ್ನನ್ನು ಮೂರ್ಖ ಮಾಡಿದಿರಿ ಎಂದು ಮಾಲಕರು ಅಂದೇ ಗುರಣ್ಣ ಅವರನ್ನು ಬಿಡಿಸಿದರು. ಕಾಜಲ ಅವರಿಗೂ ಬಾಗಿಲು ತೋರಿಸಿದರು, ಚೆನ್ನವ್ವ ಅವರಿಗೆ ಕಾಂಡಿ ಕೊಡುವುದನ್ನೂ ನಿಲ್ಲಿಸಿದರು. ತಪ್ಪು ಫೈಲು ಹಾಕುವ ಹೆಂಗಸು ಎಂಬ ಮಾತು ಅಷ್ಟರಲ್ಲಿ ಊರೆಲ್ಲ ಸುತ್ತಿ ಬಂದಿತ್ತು. ಅದನ್ನು ತಿದ್ದುವ ಉಸಾಬರಿ ಯಾರಿಗೂ ಬೇಕಿರಲಿಲ್ಲ.

"ನಾ ಸುಳ್ಳ ಹೇಳಿ ಅಪ್ಪನ್ನ ಉಳಸಾಕ ಹೋದೆ. ಅಂವ ಖರೆ ಹೇಳಿ ನನ್ನ ಉಳಸಾಕ ಹೋದ. ಇಬ್ಬರೂ ಉಳೀಲಿಲ್ಲರಿ," ಎನ್ನುವಾಗ ಕಾಜಲ ನಗುತ್ತಾರೆ. ಆ ನಗು ನೋಡುವವರಿಗೆ ಕಷ್ಟವಾಗುತ್ತದೆ.

ಮಾಲಕರು ಮೇನ್ ಸ್ವಿಚ್ಚಿಗೆ ಕಬ್ಬಿಣದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದರು. ಒಂಬತ್ತು ದಿನದ ಕಥೆ ಕೇಳಿದ ಪಕ್ಕದವರೂ ಹಾಕಿದರು. ನೋಡನೋಡುತ್ತ ಓಣಿಯ ಹನ್ನೊಂದು ಕಾರಖಾನೆಗಳಲ್ಲೂ ಬೀಗ ಬಿತ್ತು. ಈಗ ಆ ಓಣಿಯಲ್ಲಿ ಯಾರ ಚಟ್ಟ ಹೋದರೂ ಮಗ್ಗ ಬಡಿಯುತ್ತಲೇ ಇರುತ್ತವೆ.

ಯಡ್ರಾವದ ಓಣಿಯಲ್ಲಿ ಇನ್ನೂ ಬೀಗ ಬಿದ್ದಿಲ್ಲ. ಆದರೆ ಕಾಜಲ ಪೆನ್‌ಡ್ರೈವ್ ಹಚ್ಚಿದರೆ, ಓಣಿಗೆಲ್ಲ ಒಂದೇ ಲೈನಿನ ಕರೆಂಟು ಎಂದು ಒಂಬತ್ತೂ ಮಾಲಕರು ತಮ್ಮ ತಮ್ಮ ಸ್ವಿಚ್ಚಿನ ಬಳಿ ಒಬ್ಬರನ್ನು ನಿಲ್ಲಿಸುತ್ತಾರೆ, ಯಾರು ಬಂದರೂ ಎಳೆಯಗೊಡಬೇಡ ಎಂದು. ಅವರ ಯುಪಿಎಸ್ ಇರುವಾಗ ಸ್ವಿಚ್ಚು ಎಳೆದರೂ ಕಂಪ್ಯೂಟರಿಗೆ ಏನೂ ಆಗುವುದಿಲ್ಲ. ಹೇಳಿದರೆ ಯಾವ ಮಾಲಕರೂ ನಂಬುವುದಿಲ್ಲ. ಹಾಗಾದರೆ ಆ ಪ್ರಶ್ನೆ ಕೇಳುವುದು ಯಂತ್ರದ ಸಲುವಾಗಿ ಅಲ್ಲವೇ?

"ಯಂತ್ರಕ್ಕ ನನ್ನ ಬ್ಯಾಟರಿ ಐತಲ್ರಿ," ಎನ್ನುತ್ತಾರೆ ಕಾಜಲ. "ನಾ ಕೆಲಸಾ ಮಾಡಾಕತ್ತೇನಿ ಅಂತ ಹೇಳಿ ಒಬ್ಬರ ಹೆಣ ಆ ಗದ್ದಲದಾಗ ಹೋಗಬಾರದು. ಒಮ್ಮೆ ನನ್ನ ಸಲುವಾಗಿ ಒಂದ ಓಣಿ ಕೆಟ್ಟೈತಿ. ಸಾಕು."

ನಿಲೇಶ ಅವರ ಕಾರಖಾನೆಯಿಂದ ಹೊರಬಿದ್ದ ಕಾಜಲ ಸ್ಕೂಟರ್ ಹತ್ತಲಿಲ್ಲ. ಮೂರನೆಯ ಮನೆಯ ಮುಂದೆ ಚಪ್ಪಲಿ ಬಿಟ್ಟರು. ಜನಾಬಾಯಿ ಅವರ ಮೊಮ್ಮಗನ ಹೆಂಡತಿ ನೂತನ ಅಂಗಳಕ್ಕೆ ನೀರು ಹಾಕುತ್ತಿದ್ದವರು, ರಿಪೇರಿಯವರು ಮನೆಗೇಕೆ ಬಂದರೆಂದು ಗಾಬರಿಯಾದರು. ಸುಮ್ಮನೆ ನೋಡಿ ಹೋಗುತ್ತೇನೆ ಎಂದು ಕಾಜಲ ಒಳಗೆ ಹೋದರು. ಹೊರಸಿನ ಮೇಲೆ ಜನಾಬಾಯಿ ಅಂಗೈಯಷ್ಟಾಗಿ ಮಲಗಿದ್ದರು. ಅಕಿವಾಟದಿಂದ ಮದುವೆಯಾಗಿ ಬಂದವರು, ಐವತ್ತು ವರ್ಷ ಇದೇ ಓಣಿಗೆ ಕಾಂಡಿ ಸುತ್ತಿದವರು. ಕಣ್ಣು ಮಾತ್ರ ಚುರುಕಾಗಿದ್ದವು. ನಿಲ್ಯಾನ ಮಗ್ಗ ಯಾಕೆ ನಿಂತಿವೆ ಎಂದು ಅವರೇ ಮೊದಲು ಕೇಳಿದರು. ಮಲಗಿದಲ್ಲಿಂದಲೇ ಒಂಬತ್ತರಲ್ಲಿ ಒಂದು ನಿಂತದ್ದು ಅವರಿಗೆ ಗೊತ್ತಾಗಿತ್ತು.

ಕಾಜಲ ಸುತ್ತಿ ಬಳಸಿ ಹೇಳಲು ನೋಡಿದರು, ಆಗಲಿಲ್ಲ. ಒಂದು ಯಂತ್ರ ಸರಿ ಮಾಡಬೇಕಾಗಿದೆ, ಮಾಡುವಾಗ ಕರೆಂಟು ತೆಗೆಯಗೊಡುವುದಿಲ್ಲ, ಅದಕ್ಕೇ ನಿಮ್ಮನ್ನು ನೋಡಿ ಹೋಗಲು ಬಂದೆ ಎಂದು ಇದ್ದದ್ದನ್ನೇ ಹೇಳಿದರು. ಹಿಂದೆಯೇ ಒಳಗೆ ಬಂದಿದ್ದ ನೂತನ ಅವರ ಕೈಯಿಂದ ಚರಿಗೆ ಜಾರಿತು. ಜನಾಬಾಯಿ ಕಾಜಲ ಅವರ ಕಡೆ ತಲೆ ಹೊರಳಿಸಿದರು.

"ಎಷ್ಟ ಹೊತ್ತಿನ ಕೆಲಸ ಅದು?"

"ನಾಲ್ಕ ನಿಮಿಷ, ಆಯಿ."

ಮುದುಕಿಯ ಎದೆ ಅಲುಗಿತು. ಕೆಮ್ಮೋ ನಗುವೋ ತಿಳಿಯಲಿಲ್ಲ. "ಇಷ್ಟಕ್ಕ ಬಂದೀಯೇನ? ನಾಲ್ಕ ನಿಮಿಷ ತಡೀತೇನಿ ಹೋಗು. ಆ ನಿಲ್ಯಾಗ ಹೇಳು, ನನ್ನ ಪಾಳಿ ಬಂದಾಗ ಅಂವ ನಾಲ್ಕ ನಿಮಿಷ ತಡೀಲಿ."

ಕಾಜಲ ತಿರುಗಿ ಕಾರಖಾನೆಗೆ ಬಂದರು. ಯುಪಿಎಸ್ ತಂತಿ ಜೋಡಿಸಿ, ಅಂಗೈ ಮೇಲಿನ ಸಂಖ್ಯೆಯನ್ನು ಫೈಲಿನ ಹೆಸರಿನ ಪಕ್ಕ ಇಟ್ಟು ಮತ್ತೊಮ್ಮೆ ಓದಿ, ಪೆನ್‌ಡ್ರೈವ್ ಹಚ್ಚಿದರು. ಪರದೆಯ ಮೇಲೆ ಪಟ್ಟಿ ತೆವಳತೊಡಗಿತು. ಅವರು ಅದನ್ನು ನೋಡಲಿಲ್ಲ. ಕಿವಿ ಇದ್ದದ್ದು ಓಣಿಯ ಕಡೆ. ಅರ್ಧ ದಾಟಿದಾಗ ಹೊರಗೆ ಏನೋ ಬಡಿದ ಸದ್ದಾಗಿ ಬಾಗಿಲ ಕಡೆ ತಿರುಗಿದರು. ಯಾರೋ ನೂಲಿನ ಪೆಟ್ಟಿಗೆ ಇಳಿಸಿದ್ದರು. ನಾಲ್ಕು ನಿಮಿಷ ಹನ್ನೊಂದು ಸೆಕೆಂಡಿಗೆ ಯಂತ್ರ ತಾನಾಗಿ ಆರಿತು, ಮತ್ತೆ ತಾನಾಗಿ ಎದ್ದಿತು.

ನಿಲೇಶ ಬಂದು ಪರದೆ ನೋಡಿದರು. ಮೊದಲಿದ್ದಂತೆಯೇ ಇತ್ತು. "ಕಾಯ್ ಬದಲಲಂ?" ಎಂದು ಮರಾಠಿಯಲ್ಲಿ ಕೇಳಿದರು, ಏನು ಬದಲಾಯಿತು ಎಂದು. ಏನೂ ಇಲ್ಲ ಎಂದರು ಕಾಜಲ. ಇಷ್ಟಕ್ಕೆ ಎರಡು ತಿಂಗಳು ಯೋಚನೆ ಮಾಡಿದಿರಾ ಎಂದು ನಿಲೇಶ ನಕ್ಕು, ಚಹ ತರಿಸಿದರು. ಜನಾಬಾಯಿ ಹೇಳಿಕಳಿಸಿದ ಮಾತನ್ನು ಕಾಜಲ ಅವರಿಗೆ ಒಪ್ಪಿಸಿದರು. ಅದಕ್ಕೇನು, ಅವರು ನಮ್ಮವರೇ ಎಂದರು ನಿಲೇಶ. ಅವರು ಸುಳ್ಳಾಡಲಿಲ್ಲ. ಆಗ ಹಾಗೇ ಅನಿಸಿರಬೇಕು.

ಜನಾಬಾಯಿ ನಾಲ್ಕು ನಿಮಿಷ ಎಂದವರು ಹನ್ನೆರಡು ದಿನ ತಡೆದರು. ಹದಿಮೂರನೆಯ ದಿನ ನಡುಮಧ್ಯಾಹ್ನ ಅವರ ಚಟ್ಟ ಓಣಿಗೆ ಇಳಿದಾಗ ಕಾಜಲ ನೂತನ ಅವರ ಪಕ್ಕ ಬಾಗಿಲಲ್ಲಿ ನಿಂತಿದ್ದರು. ಹಲಗೆ ಕೇಳಿತು. ತುದಿಯ ಹಳೆಯ ಕಾರಖಾನೆ ನಿಂತಿತು. ಅದರೆದುರಿನದು ನಿಂತಿತು. ಮತ್ತೆ ಯಾವುದೂ ನಿಲ್ಲಲಿಲ್ಲ. ಒಂಬತ್ತರಲ್ಲಿ ಎರಡು. ನಿಲೇಶ ಅವರ ಕಾರಖಾನೆಯ ಬಾಗಿಲು ತೆರೆದೇ ಇತ್ತು. ಒಳಗಿದ್ದವರು ಕೈಯೆತ್ತಿ ಮಾಲಕರತ್ತ ನೋಡಿದರು. ಮಾಲಕರು ಫೋನಿನಲ್ಲಿದ್ದರು, ಸೂರತ್ತಿನ ಮಾಲು ಸಂಜೆಗೆ ಲಾರಿ ಏರಬೇಕಿತ್ತು. ಎತ್ತಿದ ಕೈಗಳು ಇಳಿದವು. ಎರಡು ತಿಂಗಳು ದಿನಕ್ಕೆ ಮೂರು ಸಲ ನಿಲ್ಲುತ್ತಿದ್ದ ಕಂಪ್ಯೂಟರ್ ಹನ್ನೆರಡು ದಿನದಿಂದ ಒಮ್ಮೆಯೂ ನಿಂತಿರಲಿಲ್ಲ.

"ಎಷ್ಟ ಚಂದ ನಡದಿದ್ವರಿ ಮಗ್ಗ. ಒಂದ ನೂಲ ಹರೀಲಿಲ್ಲ," ಎನ್ನುತ್ತಾರೆ ಕಾಜಲ. "ನಾನ ಸರಿ ಮಾಡಿದ್ದು. ಆಯಿ ತನ್ನ ಮಾತ ನಡಸಿದಳು. ನಾ ಮಾಡಿದ ಯಂತ್ರ ಆಕಿಗಿ ದಾರಿ ಬಿಡಲಿಲ್ಲ."

ಸಂಜೆ ಮನೆಗೆ ಬಂದಾಗ ಗುರಣ್ಣ ಹೊಸ್ತಿಲ ಪಕ್ಕವೇ ಇದ್ದರು. ಜನಾಬಾಯಿ ಹೋದ ಸುದ್ದಿ ಅವರಿಗೆ ತಿಳಿದಿತ್ತು. ಬಲಮುಷ್ಟಿ ಎತ್ತಿ ಕೆಳಕ್ಕೆ ಎಳೆದು, ಹುಬ್ಬು ಏರಿಸಿದರು. ಸ್ವಿಚ್ಚು ಎಳೆದರೇ ಎಂದು ಕೇಳುವ ಸನ್ನೆ. ಕಾಜಲ ಅದೇ ಮುಷ್ಟಿ ಮಾಡಿ ಕೆಳಕ್ಕೆ ಎಳೆದರು. ಎಳೆದರು ಅಪ್ಪಾ, ಎಲ್ಲರೂ ಎಳೆದರು. ಒಂಬತ್ತು ಬೆರಳು ತೋರಿಸಿದರು. ಅಪ್ಪ ಕೈ ಮುಗಿದು ಗೋಡೆಗೆ ಒರಗಿದರು.

ಇದನ್ನು ಬರೆಯಬಹುದೇ ಎಂದು ಕೇಳಿದಾಗ ಕಾಜಲ ಯುಪಿಎಸ್ ಪೆಟ್ಟಿಗೆಯನ್ನು ಸ್ಕೂಟರಿಗೆ ಬಿಗಿಯುತ್ತಿದ್ದಾರೆ. ಏಳು ಗಂಟೆಗೆ ಇನ್ನೊಂದು ಕಾರಖಾನೆಗೆ ಹೋಗಬೇಕು. ಹಗ್ಗದ ಗಂಟು ಎಳೆದು ನೋಡಿ, ಹೊಸ್ತಿಲ ಕಡೆ ಒಮ್ಮೆ ತಿರುಗುತ್ತಾರೆ.

"ಬರೀರಿ. ಅಪ್ಪಗ ಓದಾಕ ಬರೂದಿಲ್ಲ," ಎನ್ನುತ್ತಾರೆ. ಮಾತಾಡುವಾಗ ಅಪ್ಪನಿಗೆ ಬಾಯಿ ಕಾಣದಂತೆ ಮುಖ ಈಚೆ ತಿರುಗಿಸಿಕೊಂಡಿದ್ದಾರೆ. "ನಮಗ ಮತ್ತೇನೂ ಬ್ಯಾಡರಿ. ಮೂವತ್ತೊಂದ ವರ್ಷ ಆ ಓಣ್ಯಾಗ ದುಡದಾನ. ಅಂವ ಹೋದ ದಿವಸ ಯಾರರ ಒಬ್ಬರು ಬೀಗ ತಗದು ನಾಲ್ಕ ನಿಮಿಷ ಮಗ್ಗ ನಿಲ್ಲಸಲಿ. ಕಂಪ್ಯೂಟರ್ ಹೋತಂದ್ರ ನಾ ಬಂದ ಮಾಡಿಕೊಡ್ತೇನಿ."